ಒದೆತ ಕಡಿಮೆ ಇರೋ ರೈಫಲ್ ಬೇಕಂತೆ, ಚಿಗರಿ ಹೊಡೆಯೋಕೆ

ಹೋದ ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ಹಾಸ್ಟೆಲ್ ರೂಮಿನಲ್ಲಿ ಓದು ಒಂದು ಬಿಟ್ಟು ಉಳಿದದ್ದೆಲ್ಲ ನಡೆದಿತ್ತು. ಅಷ್ಟರಲ್ಲಿ ನಮ್ಮ ಗೆಳೆಯನೊಬ್ಬನ ಮೊಬೈಲಿಗೆ ಅವನ ತಮ್ಮನ ವಾಯ್ಸ್ ಮೆಸೇಜ್ ಬಂತು. ಊರು ಘೋಣಸಗಿ, ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕು. ಹುಡುಗ ಹತ್ತನೇ ಕ್ಲಾಸು. "ಅಣ್ಣಾ, ನೀವೆಲ್ಲ ಇಂಜಿನಿಯರಿಂಗ್ ಓದಾಕತ್ತೀರಿ. ಭುಜಕ್ಕ ಭಾಳ ಒದೀಲಾರದಂಥಾ ರೈಫಲ್ ಯಾವ್ದು ಅಂತ ಹೇಳ್ರಿ. ಚಿಗರಿ ಹೊಡೀಬೇಕಾಗ್ಯಾದ." ಜೊತೆಗೆ ಒಂದು ವಿಡಿಯೋ. ಅಮೆರಿಕದಲ್ಲಿ ಒಬ್ಬ ಅಪ್ಪ ತನ್ನ ಹನ್ನೆರಡು ವರ್ಷದ ಮಗಳಿಗೆ ಮೊದಲ ಜಿಂಕೆ ಬೇಟೆಯ ರೈಫಲ್ ಆರಿಸಿ ಕೊಡುತ್ತಿದ್ದಾನೆ.

ಮೊದಲು ಎಲ್ಲರೂ ನಕ್ಕೆವು. ಆಮೇಲೆ ಗೆಳೆಯ ಹೇಳಿದ: ಅಪ್ಪ ಹಿಂಗಾರಿಗೆ ಬಿತ್ತಿದ್ದ ಕಡಲೆ ಎರಡೆಲೆ ಬಿಟ್ಟಾಗಲೇ ಚಿಗರಿ ಹಿಂಡು ಬಂದು ಬೋಳು ಮಾಡಿ ಹೋಗಿದೆ. ಮರುಬಿತ್ತನೆಗೆ ಹಸಿ ಉಳಿದಿರಲಿಲ್ಲ. ತಮ್ಮ ಹದಿನೈದು ದಿನ ರಾತ್ರಿ ಅಪ್ಪನ ಜೊತೆ ಹೊಲದಲ್ಲಿ ಡಬ್ಬಿ ಬಡಿಯುತ್ತ ಕೂತಿದ್ದ. ನಗು ನಿಂತಿತು. ಹುಡುಗ ಆಟಕ್ಕೆ ಕೇಳಿದ್ದಲ್ಲ, ಸಿಟ್ಟಿಗೆ ಕೇಳಿದ್ದು. ಹಾಗಾಗಿ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲೇಬೇಕು ಅಂತ ಕೂತೆವು. ಈ ಲೇಖನ ಆ ಉತ್ತರವೇ.

ಮೊದಲು ನಮಗೆ ಗೊತ್ತಿರೋ ವಿಷಯ, ಅಂದರೆ ಲೆಕ್ಕ. ಬಂದೂಕಿನ ಒದೆತ ಪಿಯುಸಿಯಲ್ಲಿ ಓದಿದ ಸಂವೇಗ ಸಂರಕ್ಷಣೆಯ ನಿಯಮವೇ. ಗುಂಡು ಮತ್ತು ಮದ್ದಿನ ಅನಿಲ ಮುಂದಕ್ಕೆ ಎಷ್ಟು ಸಂವೇಗ ಒಯ್ಯುತ್ತವೋ ಅಷ್ಟೇ ಸಂವೇಗ ಬಂದೂಕಿಗೆ ಹಿಂದಕ್ಕೆ ಸಿಗುತ್ತದೆ. ಭುಜಕ್ಕೆ ತಾಗುವ ಶಕ್ತಿ ಬೇಕಾದರೆ ಸಂವೇಗದ ವರ್ಗವನ್ನು ಬಂದೂಕಿನ ತೂಕದ ಎರಡರಷ್ಟರಿಂದ ಭಾಗಿಸಬೇಕು.

ಅಮೆರಿಕದಲ್ಲಿ ದೊಡ್ಡವರ ಜಿಂಕೆ ಬೇಟೆಗೆ ಹಳೇ ಹೆಸರು .30-06. ಸುಮಾರು 9.7 ಗ್ರಾಂ ಗುಂಡು, ಸೆಕೆಂಡಿಗೆ 890 ಮೀಟರ್ ವೇಗ, 3.5 ಗ್ರಾಂ ಮದ್ದು. ಅನಿಲದ ವೇಗ 1200 ಮೀಟರ್ ಅಂತ ಹಿಡಿದರೆ, 3.6 ಕೆಜಿ ರೈಫಲ್ ಭುಜಕ್ಕೆ ಕೊಡುವ ಪೆಟ್ಟು ಸುಮಾರು 23 ಜೂಲ್. ಅಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಹೇಳೋದು 1955ರಲ್ಲಿ ಬಂದ .243 ವಿಂಚೆಸ್ಟರ್. ಗುಂಡು 6.5 ಗ್ರಾಂ, ಮದ್ದೂ ಕಡಿಮೆ. 3.4 ಕೆಜಿ ರೈಫಲ್ಲಿನಲ್ಲಿ ಪೆಟ್ಟು ಸುಮಾರು 12 ಜೂಲ್, ಅರ್ಧಕ್ಕರ್ಧ. ಇಲ್ಲೊಂದು ತಮಾಷೆ ಇದೆ. ಹುಡುಗ ಚಿಕ್ಕವನು, ಹಗುರ ರೈಫಲ್ ಕೊಡೋಣ ಅಂತ ಅದೇ ಗುಂಡಿಗೆ 2.5 ಕೆಜಿಯ ರೈಫಲ್ ತಂದರೆ ಪೆಟ್ಟು 12ರಿಂದ 16 ಜೂಲಿಗೆ ಏರುತ್ತದೆ. ಹಗುರ ಬಂದೂಕೇ ಜಾಸ್ತಿ ಒದೆಯುತ್ತದೆ!

ಒದೆತ ಯಾಕೆ ಮುಖ್ಯ? ನೋವಿಗಲ್ಲ, ಅಂಜಿಕೆಗೆ. ಎರಡು ಸಲ ಜೋರಾಗಿ ಒದೆಸಿಕೊಂಡ ಹುಡುಗ ಮೂರನೇ ಸಲ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ, ಭುಜ ಬಿಗಿ ಹಿಡಿಯುತ್ತಾನೆ, ಟ್ರಿಗರ್ ಜಗ್ಗುತ್ತಾನೆ. ಗುಂಡು ಎಲ್ಲಿಗೋ ಹೋಗುತ್ತದೆ. ಒಮ್ಮೆ ಹತ್ತಿದ ಈ ಚಟ ಬಿಡಿಸೋಕೆ ವರ್ಷ ಹಿಡಿಯಬಹುದು. ಅದಕ್ಕೇ ಕಲಿಯುವವರಿಗೆ ಕಡಿಮೆ ಒದೆತ, ಅವರ ಕೈ ಅಳತೆಯ ಹಿಡಿ ಅಂತ ಜಗತ್ತಿನ ಎಲ್ಲ ಕಡೆಯ ಗುರುಗಳೂ ಹೇಳೋದು. ಅಲ್ಲಿಗೆ ಆ ವಿಡಿಯೋದ ಅಪ್ಪ ತಪ್ಪೇನೂ ಹೇಳಿಲ್ಲ. ಅವನ ರಾಜ್ಯದಲ್ಲಿ ಜಿಂಕೆ ಬೇಟೆಗೆ ಕಾಲ ಗೊತ್ತು ಮಾಡಿರುತ್ತಾರೆ, ಪರವಾನಗಿ ಕೊಡುತ್ತಾರೆ, ಎಷ್ಟು ಹೊಡೆಯಬಹುದು ಅನ್ನೋ ಎಣಿಕೆ ಇರುತ್ತದೆ.

ಘೋಣಸಗಿಯಲ್ಲಿ ಇದ್ಯಾವುದೂ ಇಲ್ಲ. ನಮ್ಮ ಚಿಗರಿ ಅಂದರೆ ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ, ಹುಲಿಯ ಜೊತೆಗೇ. ಹೊಡೆದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿ ಆದಮೇಲೆ ದಂಡ ಕನಿಷ್ಠ 25,000 ರೂಪಾಯಿ. ಹೊಡೆಯಲು ಪ್ರಯತ್ನಿಸಿದರೂ ಕಾಯ್ದೆಯ ಕಣ್ಣಲ್ಲಿ ಅದು ಬೇಟೆಯೇ. 1998ರಲ್ಲಿ ಜೋಧ್‌ಪುರದ ಹತ್ತಿರ ಕೃಷ್ಣಮೃಗ ಕೊಂದ ಪ್ರಕರಣದಲ್ಲಿ ದೊಡ್ಡ ಸಿನಿಮಾ ನಟನಿಗೆ 2018ರಲ್ಲಿ ಅಲ್ಲಿನ ಕೋರ್ಟು 5 ವರ್ಷ ಶಿಕ್ಷೆ ಹಾಕಿತು. ಅವರು ಮೇಲ್ಮನವಿ ಹಾಕಿದರು, ಅದು ಬೇರೆ ಮಾತು. ಆದರೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವ ತಾಕತ್ತು ಕಡಲೆ ಬೆಳೆಯುವ ಮನೆಗೆ ಇದೆಯಾ?

"ಬೆಳೆ ರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡ್ತಾರಲ್ಲ?" ಅಂತ ನಮ್ಮಲ್ಲೇ ಒಬ್ಬ ಕೇಳಿದ. ಹೌದು, ಕೊಡುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ಕಾಯಲು ನಳಿಗೆಯಿಂದ ಮದ್ದು ತುಂಬುವ ನಾಡಬಂದೂಕಿಗೆ ಅವಕಾಶವಿದೆ. ಆದರೆ ಅದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸು, ಚಿಗರಿ ಕೊಲ್ಲುವ ಲೈಸೆನ್ಸಲ್ಲ. ಮೊದಲನೇ ಅನುಸೂಚಿಯ ಪ್ರಾಣಿಯನ್ನು ಹೊಡೆಯಲು ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬೇಕಾದರೆ ಅದು ಮನುಷ್ಯರ ಜೀವಕ್ಕೆ ಅಪಾಯ ಆಗಿರಬೇಕು, ಇಲ್ಲವೇ ವಾಸಿಯಾಗದಷ್ಟು ರೋಗವೋ ಊನವೋ ಆಗಿರಬೇಕು. ಬೆಳೆ ತಿಂದಿತು ಅನ್ನೋ ಕಾರಣ ಅಲ್ಲಿಲ್ಲ. ಮೇಲಾಗಿ 21 ತುಂಬದವರಿಗೆ ಲೈಸೆನ್ಸೇ ಇಲ್ಲ.

ಇನ್ನೊಬ್ಬನದು ಬೇರೆ ರಾಗ. "ಹಲಗಲಿ ಬೇಡರ ನಾಡು ಇದು. ಹತಾರ ಬಿಡು ಅಂದ್ರ ಹೆಂಗ?" ಮುಧೋಳ ಸೀಮೆಯ ಹಲಗಲಿ ನಮಗೆ ದೂರವೇನಲ್ಲ. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿ ಅಂದಾಗ ಆ ಊರಿನ ಬೇಡರು ತಿರುಗಿಬಿದ್ದರು, ಪ್ರಾಣ ಕೊಟ್ಟರು. ಅದನ್ನು ನೆನೆದರೆ ನಮಗೂ ಮೈ ಬಿಸಿಯಾಗುತ್ತದೆ. ಆದರೆ ಅವರು ಎದುರಿಸಿದ್ದು ತಮ್ಮನ್ನು ಕೇಳದೆ ಕಾನೂನು ಹೇರಿದ ಕಂಪನಿಯ ಸೈನ್ಯವನ್ನು. ರಾತ್ರಿ ಕತ್ತಲಲ್ಲಿ ಚಿಗರಿಗೆ ಗುರಿ ಇಡೋದನ್ನು ಆ ಸಾಲಿಗೆ ಸೇರಿಸಿದರೆ ಅವರ ಹೆಸರಿಗೇ ಅವಮಾನ.

ಕಾನೂನು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ. ಜಿಂಕೆ ಬೇಟೆಯ ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಮೂರು ಕಿಲೋಮೀಟರಿಗೂ ಹೆಚ್ಚು ಹೋಗಬಲ್ಲದು. ಗುಂಡು ಹಾರಿಸುವವರ ಮೊದಲ ಪಾಠವೇ ಗುರಿಯ ಹಿಂದೆ ಏನಿದೆ ನೋಡು ಅನ್ನೋದು. ನಮ್ಮದು ಬಯಲುಸೀಮೆ. ಹೊಲದ ಹಿಂದೆ ಹೊಲ, ಅದರ ಹಿಂದೆ ದ್ರಾಕ್ಷಿ ಪಡ, ಅದರ ಹಿಂದೆ ಯಾರದೋ ತೋಟದ ವಸ್ತಿ. ಗುಂಡು ತಡೆಯೋಕೆ ಒಂದು ದಿಬ್ಬವೂ ಇಲ್ಲದ ಕಡೆ, ಕತ್ತಲಲ್ಲಿ, ಸಿಟ್ಟಿನಲ್ಲಿರೋ ಹದಿನೈದು ವರ್ಷದ ಹುಡುಗ. ಒದೆತ ಎಷ್ಟು ಕಡಿಮೆ ಇದ್ದರೇನು?

ಹಾಗಾದರೆ ಅವನ ಪ್ರಶ್ನೆಗೆ ಉತ್ತರವೇ ಇಲ್ಲವಾ? ಇದೆ. ಬಂದೂಕು ಕಲಿಯೋ ಆಸೆ ತಪ್ಪಲ್ಲ, ಚಿಗರಿಯ ಮೇಲೆ ಗುರಿ ಇಟ್ಟದ್ದು ತಪ್ಪು. ಗುರಿ ಮೊದಲು ಆರಿಸಬೇಕು, ರೈಫಲ್ ಆಮೇಲೆ. ಗುರಿ 10 ಮೀಟರ್ ದೂರದ ಕಾಗದ ಆದರೆ ರೈಫಲ್ ತಾನಾಗಿ ಗೊತ್ತಾಗುತ್ತದೆ: 4.5 ಮಿಲಿಮೀಟರ್ ಏರ್ ರೈಫಲ್. ಅರ್ಧ ಗ್ರಾಮಿನ ಪೆಲೆಟ್, ಸೆಕೆಂಡಿಗೆ ಸುಮಾರು 175 ಮೀಟರ್. 4.5 ಕೆಜಿ ರೈಫಲ್ಲಿನ ಒದೆತ ಲೆಕ್ಕ ಹಾಕಿದರೆ ಒಂದು ಜೂಲಿನ ಸಾವಿರದ ಒಂದು ಭಾಗ! ಕಾಗದದ ಮೇಲೆ ಹತ್ತು ಅಂಕದ ಚುಕ್ಕಿ ಕೇವಲ ಅರ್ಧ ಮಿಲಿಮೀಟರ್. ಪೆಟ್ಟಿನ ಅಂಜಿಕೆ ಇಲ್ಲದೆ ಉಸಿರು, ಕಣ್ಣು, ಬೆರಳು ಮೂರನ್ನೂ ಹದಕ್ಕೆ ತರೋದು ಇಲ್ಲೇ.

ಕೊಳ್ಳುವವರಿಗೆ ಒಂದು ಕಿವಿಮಾತು. ಅಗ್ಗದ ಸ್ಪ್ರಿಂಗ್ ಏರ್ ಗನ್ನಿನಲ್ಲಿ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಗನ್ ಹಿಂದಕ್ಕೆ, ಪಿಸ್ಟನ್ ಗಾಳಿಗೆ ತಾಗಿ ನಿಂತಾಗ ಗನ್ ಮುಂದಕ್ಕೆ ಎಗರುತ್ತದೆ. ಎರಡು ಸಲದ ಅಲುಗಾಟ. ಮೊದಲೇ ಒತ್ತಿ ತುಂಬಿದ ಗಾಳಿಯ ಪಿಸಿಪಿ ರೈಫಲ್ಲಿನಲ್ಲಿ ಅದಿಲ್ಲ, ಆದರೆ ಬೆಲೆ ಹೆಚ್ಚು. ಅದಕ್ಕೇ ಮೊದಲು ಶೂಟಿಂಗ್ ಕ್ಲಬ್ಬಿನ ರೈಫಲ್ ಹಿಡಿದು ನೋಡಿ, ತಿಂಗಳು ಕಲಿತು ಆಮೇಲೆ ಕೊಳ್ಳಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಒಳಗಿನ, 20 ಜೂಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಹಾಗಂತ ಅದರಿಂದ ಕೌಜುಗ, ನವಿಲು ಹೊಡೆದರೆ ಅದೂ ಬೇಟೆಯೇ, ಅದೂ ಕೇಸೇ. ಮದ್ದಿನ ಬಂದೂಕು ಕಲಿಯೋ ಆಸೆ ಇದ್ದರೆ ಎನ್‌ಸಿಸಿ ಇದೆ. ಅಲ್ಲಿನ ಪಾಯಿಂಟ್ 22 ರೈಫಲ್ಲಿನ ಪೆಟ್ಟು ಒಂದು ಜೂಲಿನ ಕಾಲು ಭಾಗವೂ ಇಲ್ಲ, ಪಕ್ಕದಲ್ಲಿ ಕಲಿಸುವವರೂ ಇರುತ್ತಾರೆ.

ಇದೇನು ಸಾಹುಕಾರರ ಆಟ ಅಂತೀರಾ? ಖರ್ಚಿನದು ಹೌದು, ಸುಳ್ಳು ಹೇಳಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಇದೇ 10 ಮೀಟರ್ ಏರ್ ರೈಫಲ್ಲಿನಲ್ಲಿ ಕೊನೆಯ ಗುಂಡಿಗೆ 10.8 ಹೊಡೆದು ದೇಶದ ಮೊದಲ ವೈಯಕ್ತಿಕ ಚಿನ್ನ ತಂದ ಅಭಿನವ್ ಬಿಂದ್ರಾ ಅವರ ಮನೆಯಲ್ಲೇ ಶೂಟಿಂಗ್ ರೇಂಜ್ ಇತ್ತು. ಆದರೆ 2024ರಲ್ಲಿ ಪ್ಯಾರಿಸ್ಸಿನಲ್ಲಿ 50 ಮೀಟರ್ ರೈಫಲ್ಲಿಗೆ ಕಂಚು ತಂದ ಸ್ವಪ್ನಿಲ್ ಕುಸಾಳೆ ಯಾರು? ಮಿರಜ ದಾಟಿದರೆ ಸಿಗುವ ಕೊಲ್ಲಾಪುರ ಜಿಲ್ಲೆಯ ಕಾಂಬಳವಾಡಿ ಅನ್ನೋ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ಚೆಕ್ ಮಾಡುವ ಕೆಲಸದಲ್ಲಿದ್ದವರು. ತಿಕೋಟಾದ ಹುಡುಗನಿಗೆ ಆ ದಾರಿ ಹತ್ತಿರದ್ದಲ್ಲ, ಆದರೆ ಇದೆ.

ಕೊನೆಗೆ ಉಳಿಯೋದು ಕಡಲೆ ಹೊಲ. ಇದನ್ನು ಮರೆತು ಉಪದೇಶ ಮಾಡಿದರೆ ನಮ್ಮ ಮಾತಿಗೆ ಕಿಮ್ಮತ್ತಿಲ್ಲ. ಚಿಗರಿ ಉಳಿಯಲಿ ಅನ್ನೋ ಕಾನೂನು ಇಡೀ ದೇಶದ್ದು, ಅದರ ಖರ್ಚು ಮಾತ್ರ ಎರಡೆಕರೆ ಬಿತ್ತಿದವನ ತಲೆ ಮೇಲೆ. ಇದು ನ್ಯಾಯವಲ್ಲ. ಹಾಗಾಗಿ ನಾವು ಎರಡು ಕೆಲಸ ಹಿಡಿದಿದ್ದೇವೆ. ಒಂದು, ಹೊಲದ ಫೋಟೋ, ಉತಾರ, ಸರ್ವೆ ನಂಬರು ಎಲ್ಲ ಸೇರಿಸಿ ಬೆಳೆ ಹಾನಿ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಬರೆದುಕೊಡೋದು. ಇನ್ನೊಂದು, ಈ ಸಲದ ಮಿನಿ ಪ್ರಾಜೆಕ್ಟಿಗೆ ಲೈನ್ ಫಾಲೋವರ್ ರೋಬೋ ಬಿಟ್ಟು, ಪ್ರಾಣಿ ಬಂದಾಗ ಮಾತ್ರ ದೀಪ ಮತ್ತು ಸದ್ದು ಮಾಡುವ ಸೋಲಾರ್ ಸಾಧನ ಮಾಡೋದು. ಒಂದೇ ಸದ್ದಿಗೆ ಚಿಗರಿ ವಾರದಲ್ಲಿ ಒಗ್ಗಿಬಿಡಬಹುದು, ಆದ್ದರಿಂದ ಸದ್ದು ಬದಲಾಗ್ತಾ ಇರಬೇಕು. ಬೇಲಿಗೆ ನೇರ ಕರೆಂಟ್ ಕೊಡೋ ಐಡಿಯಾ ಯಾರಾದರೂ ಹೇಳಿದರೆ ಅಲ್ಲೇ ಬೈಯಿರಿ. ಅದು ಪ್ರಾಣಿಗಿಂತ ಮೊದಲು ನೀರು ಹಾಯಿಸೋಕೆ ಹೋದ ಅಪ್ಪನನ್ನೇ ಕೊಲ್ಲಬಹುದು.

ಇದನ್ನೆಲ್ಲ ಹುಡುಗನಿಗೆ ಹೇಳಿದೆವು. ಒಪ್ಪಿದನಾ? ಪೂರ್ತಿ ಇಲ್ಲ. "ನೀವು ಲೆಕ್ಕ ಭಾಳ ಛಲೋ ಹೇಳ್ತೀರಿ, ರಾತ್ರಿ ಹೊಲಕ್ಕ ಬರ್ರಿ ಮೊದಲ" ಅಂದ. ಅವನು ಹೇಳಿದ್ದು ಸರಿ. ಮುಂದಿನ ರಜೆಗೆ ಹೋಗ್ತಾ ಇದ್ದೇವೆ. ಎಲೆಕ್ಟ್ರಾನಿಕ್ಸ್ ಬ್ರಾಂಚಿನವರು ಯಾರಾದರೂ ಬರೋದಿದ್ದರೆ ಹೇಳಿ, ಮೋಷನ್ ಸೆನ್ಸರ್ ಬಗ್ಗೆ ನಮಗೆ ಅಷ್ಟಕ್ಕಷ್ಟೇ.