ಮದ್ದು ಬಿಡುವ ವಿಮಾನದ ಮಾದರಿ: ಕೆಳಗಿನ ತೋಟವನ್ನೂ ಇಡೋಣ

ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಮಕ್ಕಳು ಮಾಡಿಟ್ಟ ವಿಮಾನದ ಮಾದರಿಗಳನ್ನು ಸದಸ್ಯ ಬಾಂಧವರೆಲ್ಲರೂ ನೋಡಿಯೇ ಇರುತ್ತೀರಿ. ಅವುಗಳಲ್ಲಿ ಹೆಚ್ಚಿನವು ಯುದ್ಧವಿಮಾನಗಳು, ಉಳಿದವು ಪ್ರಯಾಣಿಕರ ವಿಮಾನಗಳು. ಬೆಳೆಗೆ ಮದ್ದು ಬಿಡುವ ವಿಮಾನದ ಮಾದರಿ ಕಾಣಸಿಗುವುದು ಬಲು ಅಪರೂಪ. ಕೃಷಿಕರ ಮಕ್ಕಳೇ ತುಂಬಿರುವ ಊರಿನಲ್ಲೂ ಹೀಗಾಗುವುದು ಒಂದು ಕೊರತೆಯೆಂದು ನನ್ನ ಅಭಿಪ್ರಾಯ. ಆದರೆ ಅಂಥ ಮಾದರಿ ಮಾಡುವವರು ವಿಮಾನವನ್ನಷ್ಟೇ ಮಾಡಿ ಕೈತೊಳೆದುಕೊಂಡರೆ ಅರ್ಧ ಕೆಲಸವಾದಂತೆ ಎಂಬುದೂ ನನ್ನ ಅಭಿಪ್ರಾಯವೇ. ಮದ್ದು ಬಿಡುವ ಡ್ರೋನ್‌ಗಳು ನಮ್ಮ ತೋಟಗಳ ಬಾಗಿಲಿಗೆ ಬಂದಿರುವ ಈ ದಿನಗಳಲ್ಲಿ ಇದು ಬರೀ ಮಕ್ಕಳ ಆಟಿಕೆಯ ಮಾತಲ್ಲ.

ಈ ವಿಮಾನಗಳ ಮಾದರಿಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಒಂದು ಚರಿತ್ರೆಯೇ ಕಣ್ಣಿಗೆ ಕಾಣುತ್ತದೆ. ಸಾಲಿನ ಮೊದಲಿಗೆ ನಿಲ್ಲಬೇಕಾದದ್ದು ಅಮೆರಿಕದ ಕರ್ಟಿಸ್ ಜೆನ್ನಿ. 1921ರ ಆಗಸ್ಟ್‌ನಲ್ಲಿ ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಬಳಿ ಕ್ಯಾಟಲ್ಪಾ ಮರಗಳ ತೋಪಿಗೆ ಕಂಬಳಿಹುಳು ಹತ್ತಿತ್ತು. ಸೈನ್ಯದ ಚಾಲಕ ಜಾನ್ ಮೆಕ್‌ರೆಡಿ ಈ ವಿಮಾನ ಹಾರಿಸಿ ಆ ತೋಪಿನ ಮೇಲೆ ಸೀಸದ ಆರ್ಸಿನೇಟ್ ಪುಡಿಯನ್ನು ಉದುರಿಸಿದರು. ಪುಡಿಯ ಪೆಟ್ಟಿಗೆಯನ್ನು ರೂಪಿಸಿದ ಎಟಿಯೆನ್ ಡೋರ್ಮಾಯ್ ವಿಮಾನದಲ್ಲಿ ತಾವೇ ಕುಳಿತು ಹಿಡಿಕೆ ತಿರುಗಿಸಿದರು. ಪೆಟ್ಟಿಗೆಯನ್ನು ವಿಮಾನದ ಪಕ್ಕಕ್ಕೆ ತೂಗುಹಾಕಿದ್ದರು. ಜೆನ್ನಿಯ ಮಾದರಿ ಮಾಡುವವರು ಆ ಪೆಟ್ಟಿಗೆಯನ್ನು ಮರೆತರೆ ಅದು ಮತ್ತೊಂದು ಸೈನ್ಯದ ವಿಮಾನವಾಗಿ ಉಳಿಯುತ್ತದೆ, ಅಷ್ಟೆ. ಹತ್ತಿ ಬೆಳೆಗೆ ಪುಡಿ ಉದುರಿಸಲು 1920ರ ದಶಕದಲ್ಲಿ ಹುಟ್ಟಿದ ಹಫ್ ಡಾಲಂಡ್ ಡಸ್ಟರ್ಸ್ ಎಂಬ ಸಂಸ್ಥೆಯೇ ಮುಂದೆ ಡೆಲ್ಟಾ ಎಂಬ ದೊಡ್ಡ ವಿಮಾನಯಾನ ಕಂಪನಿಯಾಗಿ ಬೆಳೆಯಿತೆಂದರೆ ಈ ಕಸುಬಿನ ಮಹತ್ವ ತಿಳಿಯಬಹುದು.

ಎರಡನೆಯ ಸ್ಥಾನ ಸ್ಟಿಯರ್‌ಮನ್‌ಗೆ. ಎರಡನೆಯ ಮಹಾಯುದ್ಧದಲ್ಲಿ ಚಾಲಕರಿಗೆ ತರಬೇತಿ ಕೊಡಲು ಸಾವಿರಗಟ್ಟಲೆ ತಯಾರಾದ ಈ ಜೋಡಿ ರೆಕ್ಕೆಯ ವಿಮಾನಗಳು ಯುದ್ಧ ಮುಗಿದ ಮೇಲೆ ಅಗ್ಗವಾಗಿ ಮಾರಾಟವಾದವು. ಕೊಂಡವರು ಮುಂದಿನ ಆಸನ ಕಿತ್ತು ಅಲ್ಲಿ ಮದ್ದಿನ ತೊಟ್ಟಿ ಕೂರಿಸಿದರು, ಹೆಚ್ಚು ಶಕ್ತಿಯ ಎಂಜಿನ್ ಹಾಕಿದರು. ಪ್ಲಾಸ್ಟಿಕ್ ಮಾದರಿಗಳ ಪೆಟ್ಟಿಗೆಗಳಲ್ಲಿ ಸ್ಟಿಯರ್‌ಮನ್ ಸುಲಭವಾಗಿ ಸಿಗುತ್ತದೆ. ಆದರೆ ಮಿರುಗುವ ಸೈನ್ಯದ ಬಣ್ಣದಲ್ಲೇ ಅದನ್ನು ಮುಗಿಸುವವರು ಹೆಚ್ಚು. ರೆಕ್ಕೆಯ ಕೆಳಗೆ ಸಿಂಪರಣೆಯ ಕೊಳವೆ ಜೋಡಿಸಿ ಹೊಟ್ಟೆಗೆ ಮದ್ದಿನ ಕಲೆ ಬಳಿಯುವವರು ಕಡಮೆ.

ಮದ್ದಿನ ಕೆಲಸಕ್ಕೆಂದೇ ವಿಮಾನವನ್ನು ಹೊಸದಾಗಿ ಯೋಚಿಸಿದವರು ಫ್ರೆಡ್ ವೈಕ್. 1950ರಲ್ಲಿ ಟೆಕ್ಸಾಸಿನಲ್ಲಿ ಅವರು ಹಾರಿಸಿದ ಎ.ಜಿ.-1, ಅದರ ದಾರಿಯಲ್ಲೇ 1959ರಿಂದ ಮಾರುಕಟ್ಟೆಗೆ ಬಂದ ಪೈಪರ್ ಪಾನೀ, ಇವೆರಡರ ಆಕಾರವನ್ನು ಸ್ವಲ್ಪ ಗಮನಿಸಿ. ಎಂಜಿನ್ ಮುಂದೆ, ಅದರ ಹಿಂದೆ ಮದ್ದಿನ ತೊಟ್ಟಿ, ಎಲ್ಲಕ್ಕಿಂತ ಹಿಂದೆ ಗೂನಿನಂತೆ ಎತ್ತರದಲ್ಲಿ ಚಾಲಕನ ಗೂಡು. ನೆಲಕ್ಕೆ ಬಡಿದರೆ ಮೂಗು ಮೊದಲು ಮುದುರಬೇಕು, ಪೆಟ್ಟು ಚಾಲಕನವರೆಗೆ ಬರಬಾರದು. ಭಾರದ ತೊಟ್ಟಿ ಹಿಂದಿನಿಂದ ಬಂದು ಅವನನ್ನು ಜಜ್ಜಬಾರದು. ಎತ್ತರದಲ್ಲಿ ಕುಳಿತರೆ ಮರ, ತಂತಿಗಳು ಮೊದಲೇ ಕಾಣಬೇಕು. ಇಂಥ ವಿಮಾನಗಳ ಗಾಜಿನ ಮುಂದೆ ಮತ್ತು ಚಕ್ರದ ಕಾಲುಗಳಿಗೆ ತಂತಿ ಕತ್ತರಿಸುವ ಅಲಗುಗಳೂ ಬಂದವು. ಮಾದರಿಯಲ್ಲಿ ಕೂದಲೆಳೆಯಷ್ಟು ಸಣ್ಣದಾಗಿ ಕಾಣುವ ಆ ಅಲಗಿನ ಹಿಂದೆ ವಿದ್ಯುತ್ ತಂತಿಗೆ ಸಿಕ್ಕಿ ಸತ್ತ ಚಾಲಕರ ಲೆಕ್ಕವಿದೆ.

ಬೇರೆ ದಾರಿ ಹಿಡಿದವರೂ ಇದ್ದರು. 1947ರಲ್ಲಿ ಮೊದಲು ಹಾರಿದ ಸೋವಿಯತ್ ಒಕ್ಕೂಟದ ಆಂಟೊನೊವ್ ಎ.ಎನ್.-2 ಸಾಮೂಹಿಕ ಬೇಸಾಯದ ವಿಶಾಲ ಹೊಲಗಳ ಕೆಲಸದ ಎತ್ತಾಯಿತು. ಅದರ ಬದಲಿಗೆಂದು ಪೋಲೆಂಡಿನಲ್ಲಿ ಕಟ್ಟಿದ ಎಂ-15 ಜೆಟ್ ಎಂಜಿನ್ನಿನ ಜೋಡಿ ರೆಕ್ಕೆಯ ವಿಮಾನ. ಅದರ ಮಾದರಿ ನೋಡಲು ವಿಚಿತ್ರ, ಮಕ್ಕಳಿಗೆ ಬಲು ಮೆಚ್ಚು. ಇಂಧನ ಕುಡಿಯುವ ಆ ಯಂತ್ರ ಹೊಲದ ಲೆಕ್ಕಕ್ಕೆ ಒಗ್ಗದೆ ಸುಮಾರು 175ಕ್ಕೇ ನಿಂತುಹೋಯಿತು.

ಈ ಸಾಲಿನಲ್ಲಿ ನಮ್ಮದೂ ಒಂದಿದೆ ಎಂಬುದನ್ನು ಎಷ್ಟು ಜನ ಬಲ್ಲರು? ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯ ಎಚ್.ಎ.-31 ‘ಬಸಂತ್’. ಮೊದಲ ರೂಪವನ್ನು ಬಿಟ್ಟು ಹೊಸದಾಗಿ ವಿನ್ಯಾಸ ಮಾಡಿದ ಎರಡನೆಯ ರೂಪ 1972ರ ಮಾರ್ಚ್ 30ರಂದು ಹಾರಿತು. 1980ರಲ್ಲಿ ನಿರ್ಮಾಣ ನಿಲ್ಲುವಾಗ ಒಟ್ಟು 39 ತಯಾರಾಗಿದ್ದವು. ಅದೇ ಗೂನು ಬೆನ್ನು, ಅದೇ ಉದ್ದ ಮೂಗು, ಕೆಳಗಿನ ರೆಕ್ಕೆಗೆ ಊರುಗೋಲು. ನಮ್ಮ ಮಕ್ಕಳು ಮೊದಲು ಮಾಡಬೇಕಾದ ಮಾದರಿ ಇದು. ಅಂಗಡಿಯ ಪೆಟ್ಟಿಗೆಗೆ ಕಾಯಬೇಕಾಗಿಲ್ಲ. ಬೆಂಡು, ರಟ್ಟು, ಅಡಿಕೆಯ ಹಾಳೆ ಸಾಕು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಸಂಗತಿ ಗಮನಕ್ಕೆ ಬಂದಿರಬಹುದು. ಈ ವಿಮಾನಗಳ ಆಕಾರ ಬದಲಾದದ್ದು ಮೇಲೆ ಕುಳಿತವನ ಜೀವ ಉಳಿಸಲು. ಅದು ನ್ಯಾಯವೇ. ಆದರೆ ಕೆಳಗೆ ಇರುವವನ ಜೀವಕ್ಕಾಗಿ ಸೇರಿದ ಒಂದು ಅಂಗವನ್ನು ಈ ಮಾದರಿಗಳಲ್ಲಿ ಬೆರಳಿಟ್ಟು ತೋರಿಸುವುದು ಕಷ್ಟ.

ಕೆಳಗೆ ಇರುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಕಡೆಯೂ ಗೇರುಗುಡ್ಡಗಳಿಗೆ ಅದೇ ಮದ್ದು ಬಿತ್ತು. ಗುಡ್ಡದ ಮೇಲೆ ಗೇರು, ಬುಡದಲ್ಲಿ ಅಡಿಕೆ ತೋಟ, ನಡುವೆ ಮನೆ, ತೆರೆದ ಬಾವಿ, ಸುರಂಗದ ನೀರು. ಏರುಪೇರಿನ ನೆಲದಲ್ಲಿ ಮರದ ತಲೆಗೆ ತಾಗಿದಂತೆ ಹಾರುವುದು ಆಗದ ಮಾತು. ಎತ್ತರ ಹೆಚ್ಚಿದಷ್ಟೂ ಮದ್ದು ಗಾಳಿಯ ಪಾಲು. ಪಡ್ರೆಯ ಮಕ್ಕಳನ್ನು ಪರೀಕ್ಷಿಸಿದ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ನರ ಸಂಬಂಧಿ ತೊಂದರೆ ಮತ್ತು ಹುಟ್ಟು ಊನಗಳು ಅಲ್ಲಿ ಹೆಚ್ಚೆಂದು ವರದಿ ಮಾಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಈ ಮದ್ದಿಗೆ ದೇಶದಾದ್ಯಂತ ತಡೆ ಹಾಕಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಹಾಸಿಗೆ ಬಿಟ್ಟೇಳದ ಮಕ್ಕಳ ತಾಯಂದಿರಿಗೆ ಆ ಹಣ ಏನು ಸಮಾಧಾನ ತಂದೀತು?

ಆದ್ದರಿಂದ ನನ್ನ ಸೂಚನೆ ಇಷ್ಟು. ಬಸಂತ್ ವಿಮಾನವನ್ನು 72ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾಡೋಣ. 12 ಮೀಟರಿನ ರೆಕ್ಕೆ ಸುಮಾರು 17 ಸೆಂಟಿಮೀಟರ್ ಆಗುತ್ತದೆ. ಅದೇ ಅಳತೆಯಲ್ಲಿ ಕೆಳಗಿನ ತೋಟವನ್ನೂ ಮಾಡೋಣ. 15 ಮೀಟರಿನ ಅಡಿಕೆ ಮರ 21 ಸೆಂಟಿಮೀಟರ್, ಅಂದರೆ ವಿಮಾನದ ರೆಕ್ಕೆಗಿಂತ ಉದ್ದ. ಬಾವಿಯ ಕಟ್ಟೆಯ ಬಳಿ ನಿಂತ ಮನುಷ್ಯ ಎರಡೂಕಾಲು ಸೆಂಟಿಮೀಟರ್. ಮರದ ತಲೆಯಿಂದ 3 ಮೀಟರ್ ಮೇಲೆ ಹಾರಬೇಕೆಂದರೆ ಮಾದರಿಯಲ್ಲಿ ಉಳಿಯುವ ಅಂತರ 4 ಸೆಂಟಿಮೀಟರ್. ಗಾಳಿಗೆ ಮದ್ದು ಅರ್ಧ ಕಿಲೋಮೀಟರ್ ತೇಲಿಹೋಯಿತೆನ್ನಿ, ಅದು 7 ಮೀಟರ್ ಆಗುತ್ತದೆ. ಮೇಜು ಮುಗಿದು, ನೋಡುತ್ತ ನಿಂತವರನ್ನೂ ದಾಟಿ, ಪ್ರದರ್ಶನದ ಕೋಣೆಯ ಬಾಗಿಲ ಬಳಿಗೆ ಹೋಗುತ್ತದೆ. ಎಂಟನೆಯ ತರಗತಿಯ ಹುಡುಗಿಗೂ ಇದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಡ್ರೋನ್ ಬೇಡವೆಂಬುದು ನನ್ನ ವಾದವಲ್ಲ. ಕೊಳೆರೋಗದ ಕಾಲಕ್ಕೆ ಮರ ಹತ್ತುವವರು ಸಿಗುವುದಿಲ್ಲ, ಹತ್ತಿದವರು ಬಿದ್ದು ನಡು ಮುರಿದುಕೊಂಡ ಮನೆಗಳು ಪ್ರತಿ ಊರಿನಲ್ಲಿವೆ. ಆದರೆ ಅಡಿಕೆಯ ಗೊನೆ ಇರುವುದು ಸೋಗೆಯ ಕೆಳಗೆ. ಕಾಫಿಯ ಗಿಡ ಇರುವುದು ಎರಡು ಮೂರು ಅಂತಸ್ತಿನ ನೆರಳಿನ ಕೆಳಗೆ. ಮೇಲಿನಿಂದ ಬಿಟ್ಟ ಮದ್ದಿನಲ್ಲಿ ಗೊನೆಗೆ ಎಷ್ಟು ಮುಟ್ಟಿತು, ಪಕ್ಕದವರ ಬಾವಿಗೆ, ಜೇನುಪೆಟ್ಟಿಗೆಗೆ ಎಷ್ಟು ಹೋಯಿತು ಎಂದು ಕೊಳ್ಳುವ ಮೊದಲೇ ಕೇಳಬೇಕು. ಡ್ರೋನಿನಲ್ಲಿ ಚಾಲಕನೇ ಇಲ್ಲ. ಮೇಲಿನವನ ಪ್ರಾಣಭಯ ಹೋದ ಮೇಲೆ ಉಳಿದ ಅಪಾಯವೆಲ್ಲ ಕೆಳಗಿನವರದೇ.

ನಮ್ಮ ಸಂಘದ ಮುಂದಿನ ಮಹಾಸಭೆಯ ಪ್ರದರ್ಶನದಲ್ಲಿ ಇಂಥ ಒಂದು ಮೇಜಿಗೆ ಜಾಗ ಕೊಡಬೇಕೆಂದು ಆಡಳಿತ ಮಂಡಳಿಯವರಲ್ಲಿ ವಿನಂತಿಸುತ್ತೇನೆ. ಡ್ರೋನ್ ಮಾರಲು ಬರುವವರ ಮಳಿಗೆಯನ್ನು ಅದರ ಪಕ್ಕದಲ್ಲೇ ಇಡಿಸಿದರೆ ಇನ್ನೂ ಒಳ್ಳೆಯದು.