ಬಸುರಿಯ ಹಲ್ಲುನೋವು ಹೆರಿಗೆಯವರೆಗೆ ಕಾಯಬೇಕೆ?

ಬಸುರಿಯ ಬಯಕೆಯನ್ನು ತಡೆಯಬಾರದೆಂಬುದು ಹಿರಿಯರ ಮಾತು. ಆದರೆ ಆಕೆಯ ಹಲ್ಲುನೋವನ್ನು ಮಾತ್ರ "ಹೆರಿಗೆಯಾಗಲಿ, ಆಮೇಲೆ ನೋಡೋಣ" ಎಂದು ಮುಂದೂಡುವ ರೂಢಿ ಅನೇಕ ಮನೆಗಳಲ್ಲಿದೆ.

ನಾವು ಬಲ್ಲ ಒಂದು ಮನೆಯಲ್ಲಿ ಐದು ತಿಂಗಳ ಬಸುರಿ ಸೊಸೆಯು ದವಡೆಹಲ್ಲಿನ ನೋವಿನಿಂದ ಮೂರು ರಾತ್ರಿ ನಿದ್ದೆಗಾಣಲಿಲ್ಲ. ಅತ್ತೆಯವರು ಲವಂಗವಿರಿಸಿ ಸಂತೈಸಿದರು. ದಂತವೈದ್ಯರೊಬ್ಬರು ಪರೀಕ್ಷಿಸಿ, "ರೂಟ್ ಕೆನಾಲ್ ಆಗಬೇಕು, ಹೆರಿಗೆಯ ನಂತರ ಬನ್ನಿ" ಎಂದು ಗುಳಿಗೆ ಕೊಟ್ಟು ಕಳುಹಿಸಿದರು. ವಾರದೊಳಗೆ ಕೆನ್ನೆ ಬಾತುಕೊಂಡಿತು. ಕಡೆಗೆ ಪ್ರಸೂತಿ ವೈದ್ಯೆಯೇ ಪತ್ರ ಬರೆದುಕೊಟ್ಟು ಬೇರೊಬ್ಬ ದಂತವೈದ್ಯರಲ್ಲಿಗೆ ಕಳುಹಿಸಿದರು. ಚಿಕಿತ್ಸೆ ನಡೆಯಿತು, ತಾಯಿ ಮಗು ಕ್ಷೇಮವಾಗಿದ್ದಾರೆ. ಮನೆಯವರ ಅಂಜಿಕೆ ನಮಗೆ ಅರ್ಥವಾಗುತ್ತದೆ. ಕಲಿತ ವೈದ್ಯರ ಅಂಜಿಕೆಯೇ ನಮ್ಮನ್ನು ಚಿಂತೆಗೀಡುಮಾಡಿತು. ಹಲವು ದೇಶಗಳ ಸಮೀಕ್ಷೆಗಳಲ್ಲಿಯೂ ದಂತವೈದ್ಯರಲ್ಲಿ ಇಂತಹ ಹಿಂಜರಿಕೆ ಕಂಡುಬಂದಿದೆ.

ಶಾಸ್ತ್ರವಾದರೋ ಸ್ಪಷ್ಟವಾಗಿದೆ. ಹಲ್ಲಿನ ಕ್ಷ-ಕಿರಣ ಚಿತ್ರವೂ ಲಿಗ್ನೋಕೇನ್ ಅರಿವಳಿಕೆಯೂ ಗರ್ಭಾವಸ್ಥೆಯಲ್ಲಿ ಸುರಕ್ಷಿತವೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆಯು 2013ರಲ್ಲಿ ತಿಳಿಸಿತು. ತುರ್ತಾಗಿ ಬೇಕಾದ ರೂಟ್ ಕೆನಾಲನ್ನು ಯಾವ ತಿಂಗಳಲ್ಲಾದರೂ ಮಾಡಬಹುದು, ತಡಮಾಡಿದರೆ ತೊಂದರೆ ಹೆಚ್ಚೀತು ಎಂದೂ ಹೇಳಿತು. ಹಲ್ಲಿನ ಚಿತ್ರದಲ್ಲಿ ಕಿರಣವು ಬೀಳುವುದು ದವಡೆಯ ಮೇಲೆ. ಗರ್ಭಕ್ಕೆ ತಲಪುವ ಪ್ರಮಾಣ ಅತ್ಯಲ್ಪ. ಆದರೆ ಹಲ್ಲಿನ ಬೇರಿನಲ್ಲಿ ಕಟ್ಟಿದ ಕೀವು ತಾನಾಗಿ ವಾಸಿಯಾಗದು. ಸೋಂಕು ಹಬ್ಬಿದರೆ ಜ್ವರ, ಊಟನಿದ್ರೆಗಳ ನಷ್ಟ ತಾಯಿಗೆ ತಪ್ಪದು.

ಅವಸರವಿಲ್ಲದ ಚಿಕಿತ್ಸೆಗೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲ. ದಿನ ತುಂಬುತ್ತ ಬಂದಾಗ ಅಂಗಾತ ಮಲಗಿದರೆ ಗರ್ಭದ ಭಾರವು ದೊಡ್ಡ ರಕ್ತನಾಳವನ್ನು ಒತ್ತಿ ತಲೆಸುತ್ತು ಬರಬಹುದು. ಆದುದರಿಂದ ಬಲಸೊಂಟದಡಿ ದಿಂಬನ್ನಿಟ್ಟು ಎಡಕ್ಕೆ ಓರೆಯಾಗಿ ಮಲಗಿಸುವುದುಂಟು. ಎಚ್ಚರ ವಹಿಸಬೇಕಾದುದು ಔಷಧಿಗಳಲ್ಲಿ. ಟೆಟ್ರಾಸೈಕ್ಲಿನ್ ಮಗುವಿನ ಹಲ್ಲಿಗೆ ಕಲೆ ತರುತ್ತದೆ. ಐಬುಪ್ರೊಫೆನ್ ಬಗೆಯ ನೋವುಗುಳಿಗೆಗಳನ್ನು ಇಪ್ಪತ್ತು ವಾರಗಳ ನಂತರ ಸ್ವಂತವಾಗಿ ನುಂಗಬಾರದೆಂದು ಅಮೆರಿಕದ ಔಷಧ ಆಡಳಿತವು 2020ರಲ್ಲಿ ಎಚ್ಚರಿಸಿದೆ. ಅಂಗಡಿಯ ಗುಳಿಗೆಯಿಂದ ದಿನ ನೂಕುವುದೇ ಚಿಕಿತ್ಸೆಗಿಂತ ಹೆಚ್ಚಿನ ಅಪಾಯವಾಗಬಹುದು.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ: ಬಸಿರು ನಿಂತಿರುವುದನ್ನು ದಂತವೈದ್ಯರಿಗೆ ಮೊದಲೇ ತಿಳಿಸಿರಿ. ಅವರು ಹಿಂಜರಿದರೆ ಸುಮ್ಮನೆ ಮರಳದೆ, ಪ್ರಸೂತಿ ವೈದ್ಯರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆದು ಒಯ್ಯಿರಿ. ಸೊಸೆಯ ಸಹನೆಯನ್ನು ಹೊಗಳುತ್ತ ಕೂಡುವುದಕ್ಕಿಂತ ಆಕೆಯ ನೋವನ್ನು ನೀಗುವುದು ಮನೆಯ ಹಿರಿಯರಿಗೆ ಒಪ್ಪುವ ಕೆಲಸ.