ಪರದೆ ಹೋಯಿತು, ದಿಬ್ಬಗಳಿವೆ

ಅಮೆರಿಕದಲ್ಲಿ ಜನ ಕಾರಿನಲ್ಲೇ ಕೂತು ಸಿನಿಮಾ ನೋಡುತ್ತಿದ್ದ, ಈಗ ಮುಚ್ಚಿಹೋದ ಡ್ರೈವ್-ಇನ್ ಚಿತ್ರಮಂದಿರಗಳನ್ನು ಹುಡುಕುವವರಿಗೆ ಹಳೆಯ ವೈಮಾನಿಕ ಚಿತ್ರಗಳೇ ದೊಡ್ಡ ಆಸರೆ. ಬೀಸಣಿಗೆಯಂತೆ ಹರಡಿದ ಬಾಗು ಸಾಲುಗಳು ಕಂಡರೆ ಜಾಗ ಸಿಕ್ಕಿತೆಂದೇ ಲೆಕ್ಕ. ಕಾರಿನ ಮೂತಿ ಮೇಲೇಳಲಿ, ಮುಂದಿನ ಕಾರು ಅಡ್ಡ ಬಾರದಿರಲಿ ಎಂದು ಏರಿಸಿದ್ದ ಮಣ್ಣಿನ ದಿಬ್ಬಗಳವು. ಹುಲ್ಲು ಸರಿಸಿದರೆ ಕೆಲವೆಡೆ ಜಲ್ಲಿ, ಸ್ಪೀಕರ್ ನೇತುಹಾಕುತ್ತಿದ್ದ ಕಂಬದ ತುಕ್ಕು ಹಿಡಿದ ಬುಡ.

1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ ಬಳಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಆರಂಭಿಸಿದ ಈ ಪದ್ಧತಿ, 1950ರ ದಶಕದ ಕೊನೆಗೆ ಸುಮಾರು 4,000 ಚಿತ್ರಮಂದಿರಗಳಿಗೆ ಬೆಳೆದಿತ್ತು. ಟಿವಿ, ವಿಡಿಯೊ ಪೆಟ್ಟು ಕೊಟ್ಟವು ನಿಜ. ಊರು ಬೆಳೆದಂತೆ ಏರಿದ ನೆಲದ ಬೆಲೆಯ ಹೊಡೆತವೂ ಸಣ್ಣದಲ್ಲ.

ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಇಡೀ ಸಂಸಾರ ಬರುತ್ತಿದ್ದ ಈ ಬಯಲುಗಳೂ ಪರಂಪರೆಯೇ. ಬಡಾವಣೆಗೆ ಪರವಾನಗಿ ಕೊಡುವ ಮುನ್ನ ಸ್ಥಳೀಯ ಆಡಳಿತಗಳು ಉಳಿದ ದಿಬ್ಬಗಳನ್ನು ಅಳೆದು, ಫೋಟೊ ತೆಗೆದು ದಾಖಲಿಸಬೇಕು.